ಎರೆ ಭೂಮಿಗೆ ಬಂದ ಹಡಗಿನ ಪೆಟ್ಟಿಗೆ

ಸಿರುಗುಪ್ಪದ ಒಂದು ಮನೆಯ ಹಿತ್ತಲಿಗೆ 2019ರ ಜನವರಿಯಲ್ಲಿ ಬಂದು ಕುಳಿತ ಹಡಗಿನ ಕಂಟೇನರ್ 20 ಅಡಿ ಉದ್ದ, 8 ಅಡಿ ಅಗಲ, ಎಂಟೂವರೆ ಅಡಿ ಎತ್ತರದ ಉಕ್ಕಿನ ಪೆಟ್ಟಿಗೆ. ಖಾಲಿ ಇದ್ದಾಗ ಅದರ ತೂಕ ಸುಮಾರು 2,200 ಕಿಲೋ. ಗೋಡೆಯ ತಗಡು ಎರಡು ಮಿಲಿಮೀಟರ್ ಕೂಡ ದಪ್ಪವಿಲ್ಲ. ಮಡಿಕೆ ಮಡಿಕೆಯಾಗಿ ಒತ್ತಿರುವುದರಿಂದ ಅದಕ್ಕೆ ಬಲ ಬಂದಿದೆ. ಭಾರವನ್ನೆಲ್ಲ ಹೊರುವುದು ನಾಲ್ಕು ಮೂಲೆಯ ಕಂಬಗಳು. ಆ ಕಂಬಗಳ ತುದಿ ಬುಡಗಳಲ್ಲಿ ಎರಕದ ಉಕ್ಕಿನ ಎಂಟು ಗಟ್ಟಿಗಳಿದ್ದು, ಕ್ರೇನಿನ ಕೊಕ್ಕೆ ಸಿಕ್ಕಿಸುವುದೂ ಹಡಗಿನಲ್ಲಿ ಒಂದರ ಮೇಲೊಂದು ಪೇರಿಸಿ ಬಿಗಿಯುವುದೂ ಅವುಗಳಲ್ಲೇ. ತುಂಬಿದ ಪೆಟ್ಟಿಗೆಗಳನ್ನು ಎಂಟೊಂಬತ್ತು ಅಂತಸ್ತು ಪೇರಿಸಿದರೂ ಕೆಳಗಿನದು ತಡೆದುಕೊಳ್ಳುತ್ತದೆ. ಆದರೆ ಅದೇ ಪೆಟ್ಟಿಗೆಯ ಚಾವಣಿಯ ನಡುವೆ ಇಬ್ಬರು ನಿಂತು ಕುಣಿದರೆ ತಗಡು ತಗ್ಗಾಗುತ್ತದೆ. ಕೊಳ್ಳುವವರು ಮೊದಲು ತಿಳಿಯಬೇಕಾದ್ದು ಇದನ್ನೇ, ಆ ಮನೆಯವರಿಗೆ ತಿಳಿದದ್ದು ಮಾತ್ರ ಸ್ವಲ್ಪ ತಡವಾಗಿ.

ಪೆಟ್ಟಿಗೆ ಕುಳಿತ ಜಾಗದಲ್ಲಿ ಮೊದಲು ಒಂದು ಮಾಳಿಗೆ ಕೋಣೆಯಿತ್ತು. ಬಿತ್ತನೆ ಭತ್ತ, ನೇಗಿಲು, ಹಗ್ಗ, ಹಳೆಯ ಹಿತ್ತಾಳೆ ಪಾತ್ರೆ, ಮಕ್ಕಳ ಶಾಲಾ ಪುಸ್ತಕ, ಮಧ್ಯಾಹ್ನದ ನಿದ್ದೆ ಎಲ್ಲಕ್ಕೂ ಅದೇ ಕೋಣೆ. 2009ರ ಸೆಪ್ಟೆಂಬರ್ ಕೊನೆಗೂ ಅಕ್ಟೋಬರ್ ಮೊದಲಿಗೂ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆಯಲ್ಲಿ ಅದರ ಚಾವಣಿ ನೆನೆದು, ಜಂತಿ ಮುರಿದು, ಒಂದು ಬೆಳಗಿನ ಜಾವ ಕುಸಿಯಿತು. ಒಳಗೆ ಯಾರೂ ಮಲಗಿರಲಿಲ್ಲ ಎಂಬುದನ್ನು ಮನೆಯವರು ಇಂದಿಗೂ ದೇವರ ದಯೆ ಎನ್ನುತ್ತಾರೆ. ಮಣ್ಣು ಎತ್ತಿಹಾಕಿದ ಮೇಲೆ ಒಂಬತ್ತು ವರ್ಷ ಆ ಜಾಗ ಬಯಲಾಗಿಯೇ ಉಳಿಯಿತು. ಇಟ್ಟಿಗೆಯ ಕೋಣೆ ಕಟ್ಟಲು ಲೆಕ್ಕ ಹಾಕಿದಾಗಲೆಲ್ಲ ಮರಳಿನ ದರ ಹಿಂದಿನ ವರ್ಷಕ್ಕಿಂತ ಮೇಲೇರಿರುತ್ತಿತ್ತು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಮಗ ಕಂಟೇನರಿನಲ್ಲಿ ಮಾಡಿದ ಒಂದು ಕಾಫಿ ಅಂಗಡಿಯನ್ನು ನೋಡಿ ಬಂದು, ಹಿತ್ತಲಿಗೂ ಒಂದನ್ನು ತರಬಹುದೆಂದು ಹೇಳಿದ.

ಸಮುದ್ರದಿಂದ ಇಷ್ಟು ದೂರದ ಭತ್ತದ ಸೀಮೆಗೆ ಹಡಗಿನ ಪೆಟ್ಟಿಗೆ ಸಿಗುವಂತಾದದ್ದರ ಹಿಂದೆ ಆರು ದಶಕಗಳ ಕಥೆಯಿದೆ. 1956ರ ಏಪ್ರಿಲ್ 26ರಂದು ಅಮೆರಿಕದ ಲಾರಿ ಮಾಲೀಕ ಮಾಲ್ಕಮ್ ಮೆಕ್‌ಲೀನ್ ‘ಐಡಿಯಲ್ ಎಕ್ಸ್’ ಎಂಬ ಹಡಗಿನಲ್ಲಿ 58 ಪೆಟ್ಟಿಗೆಗಳನ್ನು ನೆವಾರ್ಕ್‌ನಿಂದ ಹ್ಯೂಸ್ಟನ್ನಿಗೆ ಕಳುಹಿಸಿದ. ಚೀಲ ಚೀಲವಾಗಿ ಹೊತ್ತು ಹಡಗು ತುಂಬುವ ಕೆಲಸ ಅಲ್ಲಿಂದ ಮುಂದೆ ಕಡಿಮೆಯಾಗುತ್ತ ಹೋಯಿತು. 1960ರ ದಶಕದ ಕೊನೆಗೆ ಅಂತರರಾಷ್ಟ್ರೀಯ ಅಳತೆ ಗೊತ್ತಾಗಿ, ಯಾವ ದೇಶದ ಪೆಟ್ಟಿಗೆಯಾದರೂ ಯಾವ ದೇಶದ ಕ್ರೇನಿಗಾದರೂ ಹೊಂದುವಂತಾಯಿತು. ಭಾರತಕ್ಕೆ ಮೊದಲ ಕಂಟೇನರ್ ಬಂದಿಳಿದದ್ದು 1973ರಲ್ಲಿ, ಕೊಚ್ಚಿಯಲ್ಲಿ. ರೈಲಿನ ಮೇಲೆ ಒಳನಾಡಿಗೆ ಮೊದಲು ತಲುಪಿದ್ದು 1981ರಲ್ಲಿ, ಬೆಂಗಳೂರಿಗೆ. ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ ಅಲ್ಲಿಯೇ ತೆರೆಯಿತು. ಬಂದರಿಲ್ಲದ ಕರ್ನಾಟಕದ ಒಳಭಾಗದಲ್ಲಿ ಹಳೆಯ ಪೆಟ್ಟಿಗೆಗಳ ವ್ಯಾಪಾರ ವೈಟ್‌ಫೀಲ್ಡ್, ಹೊಸಕೋಟೆ ಕಡೆ ಬೆಳೆದದ್ದಕ್ಕೆ ಈ ಡಿಪೋವಿನ ನೆರೆಯೇ ಕಾರಣ. ಹಡಗಿನಲ್ಲಿ ಹತ್ತು ಹದಿನೈದು ವರ್ಷ ದುಡಿದ ಪೆಟ್ಟಿಗೆಯನ್ನು ಕಂಪನಿಗಳು ಮಾರಿಬಿಡುತ್ತವೆ. ಅದನ್ನು ಕೊಂಡವರು ಸೈಟ್ ಆಫೀಸು, ಕಾವಲುಗಾರರ ಕೋಣೆ, ಗೋದಾಮು ಎಂದು ಮರುಜನ್ಮ ಕೊಡುತ್ತಾರೆ.

ಯಾರ್ಡಿನಲ್ಲಿ ಪೆಟ್ಟಿಗೆ ಆರಿಸುವುದು ಎತ್ತು ಆರಿಸಿದಂತೆಯೇ ಕಣ್ಣು, ಕೈ, ಮೂಗು ಮೂರೂ ಬೇಡುವ ಕೆಲಸ. ಮನೆಯ ಹಿರಿಯರು ಎತ್ತಿನ ಜಾತ್ರೆಗಳಲ್ಲಿ ಪಳಗಿದವರಾದ್ದರಿಂದ ಬಣ್ಣಕ್ಕೆ ಮೋಸಹೋಗಲಿಲ್ಲ. ಮೊದಲು ಒಳಹೊಕ್ಕು ಎರಡೂ ಬಾಗಿಲು ಮುಚ್ಚಿಸಬೇಕು. ಕತ್ತಲಲ್ಲಿ ಐದು ನಿಮಿಷ ನಿಂತರೆ ಸೂಜಿ ಮೊನೆಯಷ್ಟು ತೂತಿದ್ದರೂ ನಕ್ಷತ್ರದಂತೆ ಹೊಳೆದು ಕಾಣುತ್ತದೆ. ಆಮೇಲೆ ಹೊರಗೆ ಬಂದು ಏಣಿ ಹತ್ತಿ ಚಾವಣಿ ನೋಡಬೇಕು. ನೀರು ನಿಲ್ಲುವ ತಗ್ಗುಗಳಿದ್ದರೆ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಗೋಡೆಯ ಮೇಲಿನ ಕಂದು ತುಕ್ಕಿಗೆ ಅಷ್ಟೇನೂ ಹೆದರಬೇಕಿಲ್ಲ. ಈ ಪೆಟ್ಟಿಗೆಗಳಿಗೆ ಬಳಸುವ ಕಾರ್ಟೆನ್ ಉಕ್ಕಿನಲ್ಲಿ ತಾಮ್ರ, ಕ್ರೋಮಿಯಂ ಸ್ವಲ್ಪ ಸ್ವಲ್ಪ ಬೆರೆತಿರುವುದರಿಂದ ಮೇಲ್ಪದರದ ತುಕ್ಕೇ ಒಳಗಿನ ಉಕ್ಕನ್ನು ಒಂದಿಷ್ಟು ಕಾಯುತ್ತದೆ. ಹೆದರಬೇಕಾದ್ದು ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಪದರು ಪದರಾಗಿ ಉದುರುವ ತುಕ್ಕಿಗೆ, ಅದರಲ್ಲೂ ನೆಲದ ಕೆಳಗಿನ ಅಡ್ಡ ತೊಲೆಗಳಲ್ಲಿ. ಅಲ್ಲಿಗೆ ಬಗ್ಗಿ ನೋಡುವವರು ಕಡಿಮೆ.

ನೆಲ 28 ಮಿಲಿಮೀಟರ್ ದಪ್ಪದ ಪ್ಲೈವುಡ್. ಸಮುದ್ರಯಾನದಲ್ಲಿ ಹುಳ ಹಿಡಿಯದಂತೆ ಅದಕ್ಕೆ ಔಷಧಿ ಉಣಿಸಿರುತ್ತಾರೆ. ಯಾವ ಔಷಧಿ ಎಂಬುದು ಬಾಗಿಲಿನ ಮೇಲಿನ ಲೋಹದ ಫಲಕದಲ್ಲಿ ಬರೆದಿರುತ್ತದೆ. ಮನುಷ್ಯರು ಮಲಗುವ, ಬೀಜ ಇಡುವ ಜಾಗವಾದರೆ ಈ ಸಾಲನ್ನು ಓದದೆ ಕೊಳ್ಳಬಾರದು. ಅದೇ ಫಲಕದಲ್ಲಿ 1972ರ ಕಂಟೇನರ್ ಸುರಕ್ಷತಾ ಒಪ್ಪಂದದಂತೆ ತಯಾರಾದ ತಿಂಗಳು, ವರ್ಷ, ಹೊರಬಹುದಾದ ತೂಕ ಎಲ್ಲವೂ ಇರುತ್ತವೆ. ಪೆಟ್ಟಿಗೆಯ ಮೈಮೇಲೆ ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಚೌಕದೊಳಗೆ ಒಂಟಿ ಅಂಕಿ. ಈ ಒಂಟಿ ಅಂಕಿ ತನಗಿಂತ ಮೊದಲಿನ ಹತ್ತನ್ನೂ ಒಂದು ಲೆಕ್ಕದಲ್ಲಿ ಗುಣಿಸಿ, ಕೂಡಿ, ಹನ್ನೊಂದರಿಂದ ಭಾಗಿಸಿದಾಗ ಉಳಿಯುವ ಶೇಷ. ಬರೆದುಕೊಳ್ಳುವಾಗ ತಪ್ಪಾದರೆ ಕೂಡಲೇ ಗೊತ್ತಾಗಲಿ ಎಂದು ಇಟ್ಟದ್ದು. ಆ ಮನೆಯವರು ಮೊದಲು ಮೆಚ್ಚಿದ ಪೆಟ್ಟಿಗೆಯಲ್ಲಿ ಬಾಗಿಲಿನ ಸಂಖ್ಯೆ ಒಂದು, ಪಕ್ಕದ ಗೋಡೆಯ ಸಂಖ್ಯೆ ಇನ್ನೊಂದು. ಬೇರೆ ಪೆಟ್ಟಿಗೆಯ ಬಾಗಿಲು ಕಿತ್ತು ಇದಕ್ಕೆ ಕೂರಿಸಿದ್ದರು. ಮುಂಗಡ ಕೊಟ್ಟಾಗಿತ್ತು. ಅದನ್ನು ವಾಪಸು ಪಡೆಯಲು ಮೂರು ಸಲ ಬೆಂಗಳೂರಿಗೆ ಓಡಾಡಬೇಕಾಯಿತು, ಅರ್ಧವಷ್ಟೇ ಕೈಗೆ ಬಂತು.

ಕಾಗದಪತ್ರದ ಮಾತೂ ಇಲ್ಲಿಯೇ ಹೇಳಬೇಕು. ವಿದೇಶದ ಕಂಟೇನರ್ ಭಾರತದೊಳಗೆ ಸುಂಕವಿಲ್ಲದೆ ಬರುವುದು ಆರು ತಿಂಗಳಲ್ಲಿ ಮರಳಿ ಹೊರಹೋಗುತ್ತದೆ ಎಂಬ ಕರಾರಿನ ಮೇಲೆ. ಇಲ್ಲಿಯೇ ಮಾರುವುದಾದರೆ ಸುಂಕ ಕಟ್ಟಿ ಬಿಡಿಸಿಕೊಂಡಿರಬೇಕು. ಆದ್ದರಿಂದ ಜಿಎಸ್‌ಟಿ ಬಿಲ್ಲಿನ ಜೊತೆಗೆ ಸುಂಕ ಕಟ್ಟಿದ ದಾಖಲೆಯ ಪ್ರತಿಯನ್ನೂ ಕೇಳಿ ಪಡೆಯುವುದು ಒಳ್ಳೆಯದು. ಆಮೇಲೆ ಹೋದ ಎರಡನೆಯ ಯಾರ್ಡಿನವರು ಕೇಳುವ ಮೊದಲೇ ಎರಡನ್ನೂ ಮುಂದಿಟ್ಟರು, ಪೆಟ್ಟಿಗೆಯ ಮೇಲಿನ ಹಳೆಯ ಕಂಪನಿಯ ಹೆಸರು ಸಂಖ್ಯೆಗಳನ್ನು ನಿಯಮದಂತೆ ಬಣ್ಣ ಬಳಿದು ಅಳಿಸಿಯೂ ಕೊಟ್ಟರು. ತೆರಿಗೆ ಸೇರಿ ಬೆಲೆ ಒಂದು ಲಕ್ಷಕ್ಕೆ ತುಸು ಮೇಲಾಯಿತು. ಅದೇ ಯಾರ್ಡಿನಲ್ಲಿ 40 ಅಡಿಯ ಪೆಟ್ಟಿಗೆ ಎರಡು ಪಟ್ಟಿಗಿಂತ ಕಡಿಮೆ ಬೆಲೆಗಿತ್ತು. ಮನಸ್ಸೂ ಅತ್ತ ವಾಲಿತ್ತು. ಸಿರುಗುಪ್ಪದ ಓಣಿಯಲ್ಲಿ ಅಷ್ಟು ಉದ್ದದ ಟ್ರೇಲರ್ ತಿರುಗುವುದಿಲ್ಲ ಎಂದು ಹಿರಿಯರು ಬೇಡವೆಂದರು. ತಂಪು ಸರಕು ಸಾಗಿಸುವ ಕಂಟೇನರ್ ಒಂದಿತ್ತು, ಯಂತ್ರ ಕಿತ್ತದ್ದು. ಅದರ ಗೋಡೆಯೊಳಗೆ ಮೊದಲೇ ಫೋಮ್ ತುಂಬಿರುತ್ತದೆ. ಬಳ್ಳಾರಿ ಸೀಮೆಯ ಬಿಸಿಲಿಗೆ ನಿಜಕ್ಕೂ ತಕ್ಕದ್ದು ಅದೇ. ಬೆಲೆ ಹೆಚ್ಚೆಂದು ಬಿಟ್ಟು ಬಂದದ್ದನ್ನು ಮುಂದಿನ ಏಪ್ರಿಲ್‌ನಲ್ಲಿ ಎಲ್ಲರೂ ನೆನೆಸಿಕೊಂಡರು.

ಸಾಗಣೆ ಒಂದು ರಾತ್ರಿಯ ಪ್ರಯಾಣ: ತುಮಕೂರು, ಹಿರಿಯೂರು, ಚಳ್ಳಕೆರೆ, ಬಳ್ಳಾರಿ, ಅಲ್ಲಿಂದ ಸುಮಾರು 55 ಕಿಲೋಮೀಟರ್ ಸಿರುಗುಪ್ಪ. ಹೆದ್ದಾರಿಯಲ್ಲಿ ಏನೂ ತೊಂದರೆಯಾಗಲಿಲ್ಲ. ಕೊನೆಯ 200 ಮೀಟರಿಗೆ ಅರ್ಧ ದಿನ ಹಿಡಿಯಿತು. ಓಣಿಯ ಮೇಲೆ ಅಡ್ಡಡ್ಡ ಹೋಗಿದ್ದ ತಂತಿಗಳಿಗೆ ಲೈನ್‌ಮನ್ ಬಂದು ಕರೆಂಟ್ ತೆಗೆಯಬೇಕಾಯಿತು, ಬೇವಿನ ಮರದ ಒಂದು ಕೊಂಬೆ ಕಡಿಯಬೇಕಾಯಿತು, ಹಿತ್ತಲಿನ ಕಾಂಪೌಂಡಿನ ಹನ್ನೆರಡು ಅಡಿ ಗೋಡೆ ಬಿಚ್ಚಬೇಕಾಯಿತು. ರೈಸ್ ಮಿಲ್ಲಿಗೆ ಯಂತ್ರ ಇಳಿಸಲು ಬಂದಿದ್ದ ಹೈಡ್ರಾ ಕ್ರೇನ್ ಸಿಕ್ಕಿದ್ದು ಅದೃಷ್ಟ. ನಾಲ್ಕು ಸರಪಳಿಯಲ್ಲಿ ಪೆಟ್ಟಿಗೆ ಮೇಲೆದ್ದು ಮೆಲ್ಲಗೆ ತಿರುಗುವಾಗ ಓಣಿಯ ಮಕ್ಕಳೆಲ್ಲ ಮಾಳಿಗೆ ಹತ್ತಿ ಕುಳಿತಿದ್ದರು.

ಸಿರುಗುಪ್ಪದ ನೆಲ ಎರೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಕಾಲುವೆ ನೀರು ಹರಿಯುವ ತಿಂಗಳುಗಳಲ್ಲಿ ಹಿತ್ತಲಿನ ತೇವವೇ ಬೇರೆ, ನೀರು ನಿಂತಾಗಿನದೇ ಬೇರೆ. ಪೆಟ್ಟಿಗೆ ಮೂಲೆಗಳ ಮೇಲೆ ನಿಲ್ಲುವುದರಿಂದ ಇಡೀ ನೆಲಕ್ಕೆ ಕಾಂಕ್ರೀಟು ಬೇಕಿಲ್ಲ, ನಾಲ್ಕು ಕಟ್ಟೆ ಸಾಕು ಎಂಬುದು ಸರಿ. ಆದರೆ ಆ ನಾಲ್ಕೂ ಎರೆಯನ್ನು ದಾಟಿ ಗಟ್ಟಿ ನೆಲ ಮುಟ್ಟಬೇಕು, ಇಲ್ಲವೇ ಎರೆ ತೆಗೆದು ಗರಸು ತುಂಬಿ ಚೆನ್ನಾಗಿ ದಮ್ಮಸ್ಸು ಮಾಡಬೇಕು. ಮೂರು ಕಡೆ ನಾಲ್ಕು ಅಡಿ ಅಗೆದಿದ್ದರು. ನಾಲ್ಕನೆಯದು ಹಳೆಯ ಕೋಣೆಯ ತಳಪಾಯದ ಮೇಲೆ ಬಂದದ್ದರಿಂದ ಅದು ಗಟ್ಟಿಯೇ ಇದೆಯೆಂದು ಗೌಂಡಿಯೂ ಮನೆಯವರೂ ಒಪ್ಪಿ ಎರಡೇ ಅಡಿಗೆ ನಿಲ್ಲಿಸಿದರು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಆ ಮೂಲೆ ಒಂದಿಂಚು ಇಳಿಯಿತು. ಒಂದಿಂಚು ಏನು ಮಹಾ ಎನ್ನಿಸಬಹುದು. ಕಂಟೇನರಿನ ಬಾಗಿಲಿಗೆ ಅದೇ ಮಹಾ. ಚೌಕಟ್ಟು ತುಸು ತಿರುಚಿದರೂ ಬಾಗಿಲಿನ ಸರಳುಗಳು ತಮ್ಮ ಕೊಂಡಿಯಲ್ಲಿ ಕೂರುವುದಿಲ್ಲ. ಅಕ್ಟೋಬರ್‌ನಲ್ಲಿ ಇಬ್ಬರು ಸೇರಿ ತಳ್ಳಿದರೂ ಬಾಗಿಲು ಮುಚ್ಚಲಿಲ್ಲ. ಲಾರಿಯ ಜಾಕ್ ತಂದು ಮೂಲೆ ಎತ್ತಿ, ಹಳೆಯ ಕಟ್ಟೆ ಒಡೆದು, ಐದು ಅಡಿ ಅಗೆದು ಹೊಸದು ಕಟ್ಟಿ, ರಸಮಟ್ಟ ಇಟ್ಟು ನೋಡುತ್ತ ಉಕ್ಕಿನ ಬಿಲ್ಲೆ ಕೊಟ್ಟು ಕೂರಿಸಿದ ಮೇಲೆ ಬಾಗಿಲು ತಾನಾಗಿ ಸರಿಹೋಯಿತು.

ಇದಕ್ಕಿಂತ ದೊಡ್ಡ ಪಾಠ ಬಿಸಿಲಿನದು. 2019ರ ಬೇಸಿಗೆಯಲ್ಲಿ ಪೆಟ್ಟಿಗೆ ಬಂದಂತೆಯೇ ಇತ್ತು. ಒಂದು ಬಾಗಿಲು ಬಿಟ್ಟರೆ ಬೇರೆ ಕಿಂಡಿಯಿಲ್ಲ. ಏಪ್ರಿಲ್‌ನಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಒಳಗೆ ಚಾವಣಿಯ ಹತ್ತಿರ ತೂಗುಹಾಕಿದ ತಾಪಮಾಪಕ 50 ದಾಟಿತು. ಅಲ್ಲಿ ಇಟ್ಟಿದ್ದ ಸೋನಾ ಮಸೂರಿಯ ಬಿತ್ತನೆ ಬೀಜ ಹನ್ನೆರಡು ಚೀಲ. ಭತ್ತದ ಬೀಜ ಶೇ 13ರಷ್ಟು ತೇವಾಂಶಕ್ಕಿಂತ ಕೆಳಗಿರಬೇಕು, ತಂಪಿನಲ್ಲಿರಬೇಕು. ಬಿಸಿ ಐದೈದು ಡಿಗ್ರಿ ಏರಿದಂತೆಲ್ಲ ಬೀಜದ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂದು ಬೀಜ ವಿಜ್ಞಾನ ಹೇಳುತ್ತದೆ. ಜೂನ್‌ನಲ್ಲಿ ಒದ್ದೆ ಗೋಣಿತಟ್ಟಿನಲ್ಲಿ ನೂರು ಕಾಳು ಸುತ್ತಿಟ್ಟು ನೋಡಿದರೆ ಮೊಳೆತದ್ದು 50ಕ್ಕೂ ಕಡಿಮೆ. ಮಾರುವ ಬೀಜಕ್ಕೆ ಕನಿಷ್ಠ 80 ಮೊಳೆಯಬೇಕೆಂಬ ನಿಯಮವಿದೆ. ಹನ್ನೆರಡೂ ಚೀಲ ಮಿಲ್ಲಿಗೆ ಹೋದವು. ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು: “ಇದಕ್ಕ ಬೆಳಕಿಂಡಿ ಎಲ್ಲೈತಪಾ?”

ಆ ಪ್ರಶ್ನೆಯೇ ಮುಂದಿನ ಕೆಲಸಕ್ಕೆಲ್ಲ ದಾರಿ ತೋರಿಸಿತು. ಬಿದ್ದುಹೋದ ಮಾಳಿಗೆ ಕೋಣೆ ಹೇಗಿತ್ತು ಎಂದು ಮನೆಯವರು ಆಗ ಕುಳಿತು ನೆನಪು ಮಾಡಿಕೊಂಡರು. ಕಲ್ಲು ಮಣ್ಣಿನ ಗೋಡೆ ಒಂದೂವರೆ ಎರಡು ಅಡಿ ದಪ್ಪ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಬೇವಿನ ಸೊಪ್ಪು, ಆಮೇಲೆ ಒಂದಡಿ ಮಣ್ಣು, ಎಲ್ಲದರ ಮೇಲೆ ಚೌಳು ಮಣ್ಣಿನ ತೆಳು ಹೊದಿಕೆ. ಚೌಳಿನ ಕ್ಷಾರಕ್ಕೆ ಜೇಡಿಯ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚುವುದರಿಂದ ಮಳೆ ಒಳಗಿಳಿಯದೆ ಜಾರಿ ಹೋಗುತ್ತದೆ. ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ಹರಡಬೇಕು. 2009ಕ್ಕೆ ಮುಂಚೆ ಎರಡು ವರ್ಷ ಯಾರೂ ಹರಡಿರಲಿಲ್ಲ. ಹಗಲಿನ ಬಿಸಿ ಆ ದಪ್ಪವನ್ನು ದಾಟಿ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತಿತ್ತು. ನಡು ಮಾಳಿಗೆಯ ಬೆಳಕಿಂಡಿಯಿಂದ ಬಿಸಿಗಾಳಿ ಮೇಲಕ್ಕೆ ಹೋಗುತ್ತಿತ್ತು. ಉಕ್ಕಿನ ತಗಡಿನಲ್ಲಿ ಇದೊಂದೂ ಇಲ್ಲ. ಅದಕ್ಕಿರುವ ಒಂದು ಗುಣ ಮಾತ್ರ ಒಪ್ಪಬೇಕಾದ್ದು: ಸೂರ್ಯ ಮುಳುಗಿ ಒಂದು ಗಂಟೆಯಲ್ಲಿ ತಣ್ಣಗಾಗುತ್ತದೆ. ಆರ್‌ಸಿಸಿ ಚಾವಣಿ ನಡುರಾತ್ರಿಯವರೆಗೂ ಕಾವು ಬಿಡುತ್ತಿರುತ್ತದೆ.

ನವೆಂಬರ್‌ನಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ರಿಪೇರಿ ಶುರುವಾಯಿತು. ಮೊದಲು ನೆರಳು. ಪೆಟ್ಟಿಗೆಯ ಮೇಲೆ ಒಂದೂವರೆ ಅಡಿ ಅಂತರ ಬಿಟ್ಟು, ಸುತ್ತ ಮೂರಡಿ ಚಾಚಿದಂತೆ ಕಬ್ಬಿಣದ ಕೊಳವೆಯ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸಿದರು. ಕಂಬಗಳನ್ನು ಪೆಟ್ಟಿಗೆಯ ಮೂಲೆಗೇ ಬೆಸೆದರು, ಚಾವಣಿ ತಗಡಿನ ಮೇಲೆ ಒಂದು ಕಿಲೋ ಭಾರವೂ ಬೀಳದಂತೆ. ಎರಡು ಚಾವಣಿಗಳ ನಡುವೆ ಗಾಳಿ ಆಡುವುದರಿಂದ ಮೇಲಿನದರ ಕಾವು ಕೆಳಗಿಳಿಯುವುದಿಲ್ಲ. ಆಮೇಲೆ ಕಿಟಕಿ. ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ಅಂಗಡಿಯ ವೆಲ್ಡರ್ ಬಂದು, ಎದುರುಬದುರು ಗೋಡೆಯಲ್ಲಿ ನಾಲ್ಕು ಅಡಿಯ ಎರಡು ಕಿಟಕಿ, ಚಾವಣಿಯಂಚಿನ ಕೆಳಗೆ ಉದ್ದನೆಯ ಎರಡು ಗಾಳಿಕಿಂಡಿ ಕತ್ತರಿಸಿದ. ಮಡಿಕೆಯ ತಗಡು ಕತ್ತರಿಸಿದಲ್ಲೆಲ್ಲ ಪೆಟ್ಟಿಗೆಯ ಬಿಗಿ ಸಡಿಲವಾಗುತ್ತದೆ. ಆದ್ದರಿಂದ ಚೌಕ ಕೊಳವೆಯ ಚೌಕಟ್ಟನ್ನು ಮೊದಲು ಬೆಸೆದು, ನಂತರ ನಡುವಿನ ತಗಡು ತೆಗೆಯಬೇಕು. ಹಳೆಯ ಬಣ್ಣದಡಿ ಸತುವಿನ ಲೇಪವಿರುವುದರಿಂದ ಬೆಸುಗೆಯ ಹೊಗೆ ಕುಡಿದರೆ ಜ್ವರ ಬರುತ್ತದೆ. ವೆಲ್ಡರ್‌ಗೆ ಇದು ಗೊತ್ತಿತ್ತು. ಬೆಸೆಯುವ ಜಾಗದ ಬಣ್ಣವನ್ನು ಗ್ರೈಂಡರಿನಿಂದ ಉಜ್ಜಿ ತೆಗೆದು, ಬಾಗಿಲುಗಳನ್ನು ಹಾರುಹೊಡೆದಿಟ್ಟು ಕೆಲಸ ಮಾಡಿದ.

ಗೋಡೆಗೆ ಏನು ತುಂಬುವುದು ಎಂಬುದಕ್ಕೆ ಉತ್ತರ ಊರಲ್ಲೇ ರಾಶಿ ಬಿದ್ದಿತ್ತು. ನೂರು ಕಿಲೋ ಭತ್ತ ಮಿಲ್ ಮಾಡಿದರೆ ಸುಮಾರು 20 ಕಿಲೋ ಹೊಟ್ಟು ಬರುತ್ತದೆ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೆಚ್ಚು. ಸುಟ್ಟರೆ ಉಳಿಯುವ ಬೂದಿಯ ಬಹುಪಾಲು ಅದೇ. ಹಾಗಾಗಿ ಬೇಗ ಕೊಳೆಯುವುದಿಲ್ಲ, ದನ ತಿನ್ನುವುದಿಲ್ಲ, ಧಗ್ಗೆಂದು ಉರಿಯದೆ ಮೆಲ್ಲಗೆ ಕನಲುತ್ತದೆ. ಒಂದೊಂದು ಹೊಟ್ಟೂ ದೋಣಿಯಂತೆ ಬಾಗಿ ಒಳಗೆ ಗಾಳಿ ಹಿಡಿದಿಟ್ಟುಕೊಳ್ಳುವುದರಿಂದ ಬಿಸಿ ತಡೆಯುವುದರಲ್ಲಿ ಅಂಗಡಿಯ ಗಾಜುನಾರಿಗೆ ಹತ್ತಿರ ನಿಲ್ಲುತ್ತದೆ. ಮನೆಯವರು ಒಳಗೋಡೆಯಿಂದ ನಾಲ್ಕಿಂಚು ಬಿಟ್ಟು ಚೌಕಟ್ಟು ಕಟ್ಟಿ, ಸಿಮೆಂಟ್ ಬೋರ್ಡ್ ಹೊಡೆದು, ನಡುವೆ ಹೊಟ್ಟು ಸುರಿದರು. ಮೊದಲು ಅದನ್ನು ಜರಡಿ ಹಿಡಿದು ನುಚ್ಚು, ಜೊಳ್ಳು ಬೇರೆ ಮಾಡಬೇಕು. ಕಾಳು ಉಳಿದರೆ ಇಲಿ ಬರುತ್ತದೆ, ಹುಳ ಬೀಳುತ್ತದೆ. ಮೂರು ದಿನ ಬಿಸಿಲಿಗೆ ಹರಡಿ, ಸುಣ್ಣದ ಪುಡಿ ಬೆರೆಸಿ, ಒಣಗಿದ ಬೇವಿನೆಲೆ ಸೇರಿಸಿದರು. ಅಜ್ಜಿ ಕಣಜಕ್ಕೆ ಮಾಡುತ್ತಿದ್ದ ಉಪಚಾರ ಅದೇ. ಚಾವಣಿಯೊಳಗೆ ಹೊಟ್ಟಿನ ಚೀಲಗಳನ್ನು ಜೋಡಿಸಿ ಕೆಳಗಿನಿಂದ ಹಲಗೆ ಹೊಡೆದರು. ವೈರುಗಳನ್ನೆಲ್ಲ ಹೊಟ್ಟಿನಿಂದ ದೂರವಾಗಿ ಕೊಳವೆಯೊಳಗೆ ಹೊರಗಿನಿಂದಲೇ ತಂದರು. ಇಡೀ ಕೋಣೆಯೇ ಲೋಹವಾದ್ದರಿಂದ ಪೆಟ್ಟಿಗೆಗೆ ಪ್ರತ್ಯೇಕ ಅರ್ಥಿಂಗ್ ಹೂತರು, ಸೋರಿಕೆಯಾದರೆ ಕರೆಂಟ್ ಕಡಿಯುವ ಬ್ರೇಕರ್ ಕೂರಿಸಿದರು. ಇದರಲ್ಲಿ ಯಾರೂ ಹಣ ಉಳಿಸಲು ಹೋಗಬಾರದು. ನೆಲದ ಪ್ಲೈವುಡ್ಡಿಗೆ ಎಪಾಕ್ಸಿ ಬಳಿದು ಮುಚ್ಚಿ ಮೇಲೆ ಬೋರ್ಡು, ವಿನೈಲ್ ಹಾಸಿದರು. ಎಲ್ಲ ಮುಗಿದಾಗ ಒಳಗಿನ ಅಗಲ ಏಳು ಅಡಿಗೆ ಇಳಿದಿತ್ತು. ಹೊರಗೆ ಸುಣ್ಣದ ಬಿಳಿ ಬಣ್ಣ.

ಖರ್ಚಿನ ಚೀಟಿಗಳನ್ನು ಕೂಡಿದಾಗ ಪೆಟ್ಟಿಗೆಗೆ ಕೊಟ್ಟದ್ದು ಒಟ್ಟಿನ ಅರ್ಧಕ್ಕಿಂತ ಕಡಿಮೆಯಾಗಿತ್ತು. ಸಾಗಣೆ ಮತ್ತು ಕ್ರೇನ್, ಎರಡು ಸಲ ಕಟ್ಟಿದ ಕಟ್ಟೆ, ಮೇಲಿನ ನೆರಳು, ವೆಲ್ಡಿಂಗ್ ಉಳಿದದ್ದನ್ನು ತಿಂದಿದ್ದವು. ಅತಿ ಕಡಿಮೆ ಬಿದ್ದದ್ದು ಹೊಟ್ಟಿಗೆ. ಎರಡು ಟ್ರಾಲಿಯ ಬಾಡಿಗೆಯಷ್ಟೇ. ಇಟ್ಟಿಗೆಯ ಕೋಣೆಗಿಂತ ಅಗ್ಗವಾಯಿತು ಎಂದು ಆ ಮನೆಯವರು ಯಾರಿಗೂ ಹೇಳುವುದಿಲ್ಲ.

ಕೆಲಸ ಮುಗಿದದ್ದು 2020ರ ಫೆಬ್ರುವರಿಯಲ್ಲಿ. ಹಿಂದಿನ ಮೂರನೇ ಒಂದು ಭಾಗ ಬೀಜದ ಚೀಲಕ್ಕೆ, ಮುಂದಿನದು ಓದಲು, ಕೂರಲು ಎಂದು ಹಂಚಿದ್ದರು. ಮಾರ್ಚ್ 25ರಿಂದ ದೇಶವೇ ಮುಚ್ಚಿತು. ಮೇ ತಿಂಗಳಲ್ಲಿ ಬೆಂಗಳೂರಿನಿಂದ ಹೊರಡಲು ಅವಕಾಶ ಸಿಕ್ಕಾಗ ಮಗ ಊರಿಗೆ ಬಂದ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದುದರಿಂದ ಒಳಗೆ ಬರದೆ ಹಿತ್ತಲಿನ ದಾರಿಯಿಂದಲೇ ಪೆಟ್ಟಿಗೆ ಸೇರಿ ಹದಿನಾಲ್ಕು ದಿನ ಉಳಿದ. ಹೊರಗೆ 41 ಡಿಗ್ರಿ ಇದ್ದ ಮಧ್ಯಾಹ್ನ ಒಳಗೆ 36, ಫ್ಯಾನು ತಿರುಗುತ್ತಿತ್ತು. ತಾಯಿ ಕಿಟಕಿಯ ಕಟ್ಟೆಯ ಮೇಲೆ ತಟ್ಟೆ ಇಟ್ಟು ಹಿಂದೆ ಸರಿದು ನಿಲ್ಲುತ್ತಿದ್ದರು. ಅಜ್ಜಿ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಸಂಜೆಯಿಡೀ ಮೊಮ್ಮಗನೊಡನೆ ದೂರದಿಂದಲೇ ಮಾತಾಡುತ್ತಿದ್ದರು. ಆ ಹದಿನಾಲ್ಕು ಸಂಜೆಗಳಲ್ಲಿ ಬಿದ್ದ ಮಾಳಿಗೆ ಕೋಣೆಯ ಕಥೆ, ಅದರಲ್ಲಿ ಹುಟ್ಟಿದವರ ಕಥೆ, ಕಾಲುವೆ ಬರುವ ಮುಂಚಿನ ಜೋಳದ ಹೊಲಗಳ ಕಥೆ ಎಲ್ಲ ಬಂದವು. ಮಗ ಅವನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡ. ಅಜ್ಜಿ ಹೋದ ಮೇಲೆ ಮನೆಯಲ್ಲಿ ಉಳಿದಿರುವ ಅವರ ದನಿ ಅಷ್ಟೇ.

ಆ ಜೂನ್‌ನಲ್ಲಿ ಗೋಣಿತಟ್ಟಿನೊಳಗೆ ನೂರರಲ್ಲಿ 88 ಕಾಳು ಮೊಳೆತವು.

ಚಳಿಗಾಲದಲ್ಲಿ ಇನ್ನೊಂದು ವಿಷಯ ಗಮನಕ್ಕೆ ಬಂತು. ಡಿಸೆಂಬರ್‌ನ ತಂಪು ರಾತ್ರಿಗಳಲ್ಲಿ ಮುಚ್ಚಿದ ಪೆಟ್ಟಿಗೆ ಬೆವರುತ್ತದೆ. ಒಳಗಿನ ತೇವದ ಗಾಳಿ ತಣ್ಣನೆಯ ಉಕ್ಕಿಗೆ ತಾಗಿ ಹನಿಯಾಗುತ್ತದೆ; ಹಡಗಿನವರಿಗೆ ಇದು ಹಳೆಯ ಪರಿಚಯ. ಗೋಡೆಯೊಳಗಿನ ಹೊಟ್ಟು ಅದನ್ನು ಹೀರಿ ಒದ್ದೆಯಾಗಬಾರದೆಂದರೆ ಗಾಳಿಕಿಂಡಿಗಳನ್ನು ಚಳಿಗೂ ಮುಚ್ಚಬಾರದು, ಬೀಜದ ಚೀಲಗಳು ಗೋಡೆಗೆ ತಾಗದಂತೆ ಹಲಗೆಯ ಮೇಲಿರಬೇಕು. ಎರಡನೆಯ ವರ್ಷದಲ್ಲಿ ಈಶಾನ್ಯ ಮೂಲೆಯ ಹೊಟ್ಟು ಮುಗ್ಗಲು ವಾಸನೆ ಬಂದು ತೆಗೆದು ಹಾಕಬೇಕಾಯಿತು. ಆಗಿನಿಂದ ಗೋಡೆಯ ಬೋರ್ಡಿನ ಬುಡಕ್ಕೂ ನೆತ್ತಿಗೂ ಸಣ್ಣ ಜಾಲರಿಯ ಕಿಂಡಿಗಳಿವೆ.

ಈಗ ಅದರ ಪೋಷಣೆಗೆ ವರ್ಷದಲ್ಲಿ ಎರಡು ದಿನ ಮೀಸಲು. ಮೇ ಕೊನೆಯಲ್ಲಿ, ಮಳೆಗೆ ಮುಂಚೆ, ನಾಲ್ಕು ಮೂಲೆಗೂ ರಸಮಟ್ಟ ಇಡುವುದು, ಬಾಗಿಲಿನ ರಬ್ಬರ್ ಅಂಚು ಒರೆಸಿ ಕೀಲುಗಳಿಗೆ ಎಣ್ಣೆ ಬಿಡುವುದು, ತುಕ್ಕು ಕಂಡಲ್ಲಿ ಉಜ್ಜಿ ಬಣ್ಣ ಹಚ್ಚುವುದು. ಡಿಸೆಂಬರ್‌ನಲ್ಲಿ, ಹೊಸ ಭತ್ತ ಮಿಲ್ಲಿಗೆ ಹೋದಾಗ, ಗೋಡೆಯ ನೆತ್ತಿಯ ಪಟ್ಟಿ ಬಿಚ್ಚಿ ನೋಡುವುದು. ಹೊಟ್ಟು ತನ್ನ ಭಾರಕ್ಕೆ ತಾನೇ ಕುಗ್ಗಿ ವರ್ಷಕ್ಕೆ ಎರಡು ಮೂರು ಬೆರಳು ಇಳಿದಿರುತ್ತದೆ. ಅಷ್ಟನ್ನು ಹೊಸ ಹೊಟ್ಟಿನಿಂದ ತುಂಬಿ, ಕೋಲಿನಿಂದ ಮೆಲ್ಲಗೆ ತಟ್ಟಿ, ಪಟ್ಟಿ ಮತ್ತೆ ಬಿಗಿಯುತ್ತಾರೆ.